ಮಗಳ ಯಕ್ಷಗಾನ ಆಟದ ವಿಡಿಯೋ ಒಂದೇ ಡಿಸ್ಕಿಗೆ: ಜೋಡಿಸಿದ ಮೇಲೆ ಮಸುಕಾದದ್ದು ಯಾಕೆ?

ಪ್ರಶ್ನೆ (ಪೆರ್ಲದಿಂದ):
ಅಣ್ಣಾ, ನವರಾತ್ರಿಗೆ ನಮ್ಮ ದೇವಸ್ಥಾನದಲ್ಲಿ ಮಕ್ಕಳ ಯಕ್ಷಗಾನ ಇತ್ತು. ಮಗಳದ್ದು ಮೊದಲ ಪುಂಡುವೇಷ, ಹುಡುಗ ವೀರನ ಪಾತ್ರ. ನನ್ನ ತಮ್ಮ ಹ್ಯಾಂಡಿಕ್ಯಾಮಿನಲ್ಲಿ ಪೂರ್ತಿ ಹಿಡಿದಿದ್ದ, 1 ಗಂಟೆ 20 ನಿಮಿಷ. ಕಾರ್ಡಿನಲ್ಲಿ ನೋಡಿದರೆ ನಾಲ್ಕು ಫೈಲು. ಮೂರು ಹತ್ತಿರ ಹತ್ತಿರ 4 ಜಿಬಿಯವು, ಕೊನೆಯದು ಸಣ್ಣದು. ಊರಿನ ಚಿಕ್ಕಮ್ಮನಿಗೆ ಮೊಬೈಲಿನಲ್ಲಿ ನೋಡಿ ಅಭ್ಯಾಸ ಇಲ್ಲ, ಅವರ ಮನೆಯಲ್ಲಿ ಡಿವಿಡಿ ಪ್ಲೇಯರ್ ಇದೆ. ಒಂದು ಅಂಗಡಿಯಲ್ಲಿ ಕೊಟ್ಟು ಒಂದೇ ಡಿಸ್ಕು ಮಾಡಿಸಿದೆ. ಬಣ್ಣ ಬಳಿದ ಮುಖವೆಲ್ಲ ಹಿಟ್ಟು ಮೆತ್ತಿದ ಹಾಗೆ ಕಾಣುತ್ತದೆ. ಗಿರಗಿರ ತಿರುಗಿ ಧೀಂಗಿಣ ಹಾಕುವಾಗ ಅಂಚೆಲ್ಲ ಬಾಚಣಿಗೆಯ ಹಲ್ಲಿನ ಹಾಗೆ. ಎರಡು ಕಡೆ ಭಾಗವತರ ಪದ್ಯವೂ ತುಂಡಾಗಿದೆ. ಕ್ವಾಲಿಟಿ ಹೋಗದ ಹಾಗೆ ಜೋಡಿಸಲು ಆಗುವುದಿಲ್ಲವಾ?

ಉತ್ತರ (ಬದಿಯಡ್ಕದ ವಿಡಿಯೋ ಎಡಿಟರ್):
ಆಗುತ್ತದೆ ಅಕ್ಕ. ಬರೇ ಜೋಡಿಸಿದರೆ ಒಂದು ಚುಕ್ಕಿಯೂ ಹೋಗುವುದಿಲ್ಲ. ಹೋಗುವುದು ಮತ್ತೆ ಮತ್ತೆ ಕನ್ವರ್ಟ್ ಮಾಡುವಾಗ. ತೆಂಗಿನಕಾಯಿ ಹಾಲು ಹಿಂಡುವುದು ಗೊತ್ತಲ್ಲ, ಮೂರನೇ ಹಿಂಡಿನಲ್ಲಿ ಎಂತ ಉಳಿಯುತ್ತದೆ? ನಿಮ್ಮದನ್ನು ಮೊದಲು ಸಣ್ಣ ಎಂಪಿ4 ಮಾಡಿ, ಆಮೇಲೆ ಜೋಡಿಸಿ, ಕೊನೆಗೆ ಡಿವಿಡಿ ಮಾಡಿರಬೇಕು. ಅಲ್ಲಿಗೆ ಮೂರು ಹಿಂಡು ಆಯಿತು.

ಫೈಲು ನಾಲ್ಕಾದದ್ದು ಕ್ಯಾಮೆರಾದ ದೋಷ ಅಲ್ಲ. 32 ಜಿಬಿವರೆಗಿನ ಕಾರ್ಡಿಗೆ ಸಾಧಾರಣವಾಗಿ ಫ್ಯಾಟ್ 32 ಫಾರ್ಮ್ಯಾಟ್ ಇರುತ್ತದೆ. ಅದರಲ್ಲಿ ಒಂದು ಫೈಲು 4 ಜಿಬಿ ದಾಟುವ ಹಾಗಿಲ್ಲ. ಹಾಗಾಗಿ ಕ್ಯಾಮೆರಾ ಅಲ್ಲಿಗೆ ಕತ್ತರಿಸಿ ಮುಂದಿನದನ್ನು ಶುರು ಮಾಡುತ್ತದೆ. ಪದ್ಯದ ನಡುವೆಯೂ ಕತ್ತರಿಸುತ್ತದೆ, ಅದಕ್ಕೆ ತಾಳ ಗೊತ್ತಿಲ್ಲ! ಆ ತುಂಡುಗಳನ್ನು ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಒಂದೊಂದಾಗಿ ಇಟ್ಟರೆ ಸೇರುವ ಜಾಗದಲ್ಲಿ ಸ್ವರ ಜಾರುತ್ತದೆ. ಹೆಸರಿನ ಕೊನೆಗೆ ಎಂಟಿಎಸ್ (.MTS) ಎಂದಿರುವ ಫೈಲಾದರೆ ಕ್ಯಾಮೆರಾದ ಜೊತೆ ಬಂದ ಸಾಫ್ಟ್‌ವೇರಿನಲ್ಲೇ ಕಂಪ್ಯೂಟರಿಗೆ ಇಳಿಸಿ, ಅದು ತಾನೇ ಸೇರಿಸುತ್ತದೆ. ಅದಿಲ್ಲದಿದ್ದರೆ ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಕಾಪಿ ಸ್ಲ್ಯಾಶ್ ಬಿ (copy /b) ಎಂದು ಕೊಟ್ಟು, ಫೈಲುಗಳ ಹೆಸರನ್ನು ನಡುವೆ ಪ್ಲಸ್ ಹಾಕಿ ಕ್ರಮವಾಗಿ ಬರೆಯಿರಿ, ಕೊನೆಗೆ ಹೊಸ ಹೆಸರು. ಹಳೆ ಉಪಾಯ, ಆದರೆ ನಾನು ಈಗಲೂ ಅದನ್ನೇ ಮಾಡುವುದು. ಹೊಸ ಫೈಲನ್ನು ಪೆನ್‌ಡ್ರೈವಿಗೆ ಬರೆಯಲು ಹೋಗಬೇಡಿ. ಅದೂ ಫ್ಯಾಟ್ 32 ಆಗಿದ್ದರೆ 4 ಜಿಬಿಗೆ ನಿಂತುಬಿಡುತ್ತದೆ.

ಈಗ ಡಿಸ್ಕಿನ ಲೆಕ್ಕ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 24 ಮೆಗಾಬಿಟ್ ಹಿಡಿದ ಹಾಗೆ ಕಾಣುತ್ತದೆ. ಸಾಧಾರಣ ಡಿವಿಡಿಯಲ್ಲಿ ಇರುವುದು 4.7 ಜಿಬಿ, ಕಂಪ್ಯೂಟರ್ ಅದನ್ನು 4.37 ಎಂದು ತೋರಿಸುತ್ತದೆ. ಅಷ್ಟರಲ್ಲಿ ನಿಮ್ಮ ಮೂಲ ಫೈಲು ಹಿಡಿಸುವುದಿಲ್ಲ. ಹಿಡಿಸಿದರೂ ಡಿವಿಡಿ ಪ್ಲೇಯರಿಗೆ ಸಾಧಾರಣವಾಗಿ ಬೇಕಾದದ್ದು ಎಂಪೆಗ್ 2 ಎಂಬ ವಿಡಿಯೋ ರೂಪ, 720 ಗುಣಿಸು 576 ಅಳತೆ. ಎಚ್‌ಡಿ ಅಲ್ಲಿ ಉಳಿಯುವುದಿಲ್ಲ. ಇದನ್ನು ಮೊದಲೇ ಹೇಳದೆ 'ಎಚ್‌ಡಿ ಡಿವಿಡಿ ಮಾಡಿ ಕೊಡ್ತೇವೆ' ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಾಗಾಗಿ ಕನ್ವರ್ಟ್ ಮಾಡಲೇಬೇಕು, ಆದರೆ ಒಂದೇ ಸಲ, ಮೂಲದಿಂದ ನೇರ. 80 ನಿಮಿಷಕ್ಕೆ ಸೆಕೆಂಡಿಗೆ 7 ಮೆಗಾಬಿಟ್ ಧಾರಾಳ ಕೊಡಬಹುದು. ಚಿಕ್ಕಮ್ಮನ ಟಿವಿಗೆ ಚೆಂದ ಕಾಣುತ್ತದೆ.

ಬಾಚಣಿಗೆ ಹಲ್ಲು ಬಂದದ್ದು ಬೇರೆ ಕಾರಣಕ್ಕೆ. ಕ್ಯಾಮೆರಾ 50ಐ ಮೋಡಿನಲ್ಲಿದ್ದರೆ ಪ್ರತಿ ಚಿತ್ರವನ್ನೂ ಎರಡು ಅರ್ಧವಾಗಿ ಹಿಡಿಯುತ್ತದೆ. ಅದನ್ನು ಲೆಕ್ಕಕ್ಕೆ ತಾರದೆ ಸುಮ್ನೆ ಸಣ್ಣ ಮಾಡಿದರೆ ಎರಡೂ ಕಲಸಿಹೋಗುತ್ತವೆ. ಸೆಟ್ಟಿಂಗಿನಲ್ಲಿ ಇಂಟರ್‌ಲೇಸ್ಡ್, ಟಾಪ್ ಫೀಲ್ಡ್ ಫಸ್ಟ್ ಎಂದು ಇಡಲು ಹೇಳಿ. ನಿಂತು ಮಾತಾಡುವಾಗ ಈ ತಪ್ಪು ಗೊತ್ತಾಗುವುದಿಲ್ಲ, ಧೀಂಗಿಣಕ್ಕೆ ಬಂದಾಗ ಬಯಲಾಗುತ್ತದೆ.

ಪ್ರಶ್ನೆ (ಪೆರ್ಲದಿಂದ):
ಈಗ ಅರ್ಥ ಆಯಿತು ಅಣ್ಣ. ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಬಣ್ಣ ಹಾಕುವಾಗ ನಾನು ಮೊಬೈಲಿನಲ್ಲಿ ತೆಗೆದ ನಾಲ್ಕೈದು ತುಣುಕು ಉಂಟು. ಅದನ್ನೂ ಎದುರಿಗೆ ಜೋಡಿಸಬಹುದಾ?

ಉತ್ತರ:
ಅದನ್ನು ಆ ಫೈಲಿಗೆ ಹಾಗೇ ಅಂಟಿಸಲು ಆಗುವುದಿಲ್ಲ. ಕನ್ವರ್ಟ್ ಮಾಡದೆ ಸೇರಿಸಬೇಕಾದರೆ ಅಳತೆ, ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ), ಕೋಡೆಕ್ (ವಿಡಿಯೋ ಕುಗ್ಗಿಸುವ ವಿಧಾನ), ಧ್ವನಿ ಎಲ್ಲವೂ ಒಂದೇ ಇರಬೇಕು. ಮೊಬೈಲಿನದ್ದು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮು, ಅದೂ ಹೆಚ್ಚು ಕಮ್ಮಿ ಆಗುತ್ತಾ ಇರುತ್ತದೆ. ನೀವು ಉದ್ದಕ್ಕೆ ಹಿಡಿದು ತೆಗೆದಿದ್ದರೆ ಕೇಳುವುದೇ ಬೇಡ. ಡಿವಿಡಿ ಸ್ಟೈಲರಿನಂಥ ಉಚಿತ ಸಾಫ್ಟ್‌ವೇರಿನಲ್ಲಿ ಚೌಕಿಯದ್ದನ್ನು ಬೇರೆ ಟೈಟಲ್ ಮಾಡಿ, ಮೆನುವಿನಲ್ಲಿ ಎರಡು ಬಟನ್ ಇಡಿ. ಡಿಸ್ಕು ಒಂದೇ, ಆಟಕ್ಕೆ ತೊಂದರೆ ಇಲ್ಲ.

ಪ್ರಶ್ನೆ (ಕುಂಬಳೆಯಿಂದ):
ನಡುವೆ ಬಂದದ್ದಕ್ಕೆ ಕ್ಷಮಿಸಿ. ಅಪ್ಪ ಇಟ್ಟ ತಾಳಮದ್ದಳೆಯ ಹಳೆ ವಿಸಿಡಿಗಳಿವೆ, ಒಂದು ಪ್ರಸಂಗಕ್ಕೆ ನಾಲ್ಕು. ಮಾತು ಹೇಳುವ ಅರ್ಥಧಾರಿ ಒಳ್ಳೆ ಬಿಸಿಯಾಗುವ ಹೊತ್ತಿಗೆ ಎದ್ದು ಡಿಸ್ಕು ಬದಲಿಸಬೇಕು. ಅದೂ ಒಂದೇ ಡಿವಿಡಿಗೆ ಬರುತ್ತದಾ?

ಉತ್ತರ:
ಬರುತ್ತದೆ ಮಾವ, ಇದು ನನ್ನ ಇಷ್ಟದ ಕೆಲಸ! ವಿಸಿಡಿಯ ಚಿತ್ರ 352 ಗುಣಿಸು 288, ಎಂಪೆಗ್ 1. ಡಿವಿಡಿಯ ನಿಯಮ ಅದನ್ನೂ ಹಾಗೇ ಒಪ್ಪುತ್ತದೆ, ಚಿತ್ರ ಮುಟ್ಟಬೇಕೆಂದೇ ಇಲ್ಲ. ಧ್ವನಿ ಮಾತ್ರ 44.1 ಕಿಲೋಹರ್ಟ್ಸಿನಲ್ಲಿ ಇರುತ್ತದೆ, ಅದನ್ನು 48ಕ್ಕೆ ಏರಿಸಬೇಕು. ಕೆಲವರು ಚಿತ್ರವನ್ನು 720ಕ್ಕೆ ಹಿಗ್ಗಿಸಿ ಕೊಡುತ್ತಾರೆ. ಹಿಗ್ಗಿಸಿದರೆ ಇಲ್ಲದ್ದು ಹುಟ್ಟುವುದಿಲ್ಲ, ಜಾಗ ಮಾತ್ರ ತಿನ್ನುತ್ತದೆ. ಹಾಗೇ ಬಿಟ್ಟರೆ ಒಂದು ಡಿವಿಡಿಯಲ್ಲಿ ಸುಮಾರು 7 ಗಂಟೆ ಹಿಡಿಸುತ್ತದೆ. ನಿಮ್ಮ ನಾಲ್ಕೂ ಬಂದು ಇನ್ನೊಂದಕ್ಕೂ ಜಾಗ ಉಳಿಯುತ್ತದೆ. ಆದರೆ ಮೊದಲು ಡಿಸ್ಕು ಬೆಳಕಿಗೆ ಹಿಡಿದು ನೋಡಿ. ನಮ್ಮ ಮಳೆಗಾಲಕ್ಕೆ ಬೂಸ್ಟು ಹಿಡಿದಿದ್ದರೆ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಒರೆಸಿ, ಸುತ್ತ ಉಜ್ಜಬೇಡಿ.

ಪ್ರಶ್ನೆ (ಪೆರ್ಲದಿಂದ):
ಅಣ್ಣಾ, ಕಾಪಿ ಸ್ಲ್ಯಾಶ್ ಬಿ ಮಾಡಿ ನೋಡಿದೆ. ಪದ್ಯ ಎಲ್ಲೂ ತುಂಡಾಗಲಿಲ್ಲ! ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಡ್ರೈವೇ ಇಲ್ಲ, ಯುಎಸ್‌ಬಿಯದ್ದು ತಂದರೆ ಸಾಕಾ?

ಉತ್ತರ:
ಸಾಕು. 4 ಅಥವಾ 8 ಎಕ್ಸ್ ವೇಗದಲ್ಲಿ ಬರೆಯಿರಿ, ವೆರಿಫೈ ಟಿಕ್ ಮಾಡಿ. ಮೇಲೆ ಸ್ಟಿಕ್ಕರ್ ಅಂಟಿಸಬೇಡಿ, ಡಿಸ್ಕಿಗೆ ಬರೆಯುವ ಮಾರ್ಕರಿನಲ್ಲಿ ಹೆಸರು ಬರೆದರೆ ಆಯಿತು. ಮತ್ತೆ, ಕಾರ್ಡನ್ನು ಇವತ್ತೇ ತಮ್ಮನಿಗೆ ಕೊಡಬೇಡಿ. ಸೇರಿಸಿದ ದೊಡ್ಡ ಫೈಲು ಎರಡು ಹಾರ್ಡ್‌ಡಿಸ್ಕಿಗೆ ಹೋದ ಮೇಲೆ ಕೊಡಿ. ಅವನಿಗೆ ಮುಂದಿನ ವಾರ ಯಾರದ್ದಾದರೂ ಮದುವೆ ಇದ್ದೇ ಇರುತ್ತದೆ.