ಕೂದಲಿಗೆ ಲೇಸರ್: ಮಾಡಿಸಿದವರು ಯಾರಾದ್ರೂ ಇದ್ದೀರಾ?

ಹೊಸನಗರದ ಹುಡುಗಿ: ತಲೆಗೆ ಮಿಂದಾಗೆಲ್ಲ ಬಚ್ಚಲಿನ ಜಾಲರಿಯಲ್ಲಿ ಕೂದಲು ಉಂಡೆ ಉಂಡೆ ಸಿಗ್ತಿದೆ. ಎರಡು ತಿಂಗಳಾಯ್ತು. ಶಿವಮೊಗ್ಗದ ಒಂದು ಕ್ಲಿನಿಕ್ಕಲ್ಲಿ ಕೆಂಪು ಬೆಳಕಿನ ಲೇಸರ್ ಕೊಡ್ತೀವಿ, ಆರು ತಿಂಗಳಿಗೆ 40 ಸಾವಿರ ಅಂದ್ರು. ಅಪ್ಪ ಅಡಿಕೆ ದುಡ್ಡು ತೆಗೆದುಕೊಡ್ತೀನಿ ಅಂತಿದ್ದಾರೆ. ನಿಜಕ್ಕೂ ಬೆಳೆಯುತ್ತಾ?

ಸಾಗರದ ತೋಟದವ: ಕೊಡಬೇಡ ಮಾರಾಯ್ತಿ. ಬೆಳಕು ಬಿಟ್ಟರೆ ಕೂದಲು ಬರುತ್ತೆ ಅನ್ನೋದನ್ನ ನಾನಂತೂ ನಂಬಲ್ಲ. ನಮ್ಮಮ್ಮ ಇವತ್ತಿಗೂ ಮತ್ತಿ ಸೊಪ್ಪು ಕಿವುಚಿ ಲೋಳೆಯಂಥ ಗಂಪು ಮಾಡ್ಕೊಂಡೇ ತಲೆಗೆ ಮೀಯೋದು. ಎಪ್ಪತ್ತಾದ್ರೂ ಜಡೆ ಸೊಂಟ ಮುಟ್ಟುತ್ತೆ.

ಶಿವಮೊಗ್ಗದ ನರ್ಸಕ್ಕ: ಅಣ್ಣಾ, ಗಂಪು ತಂಪು, ಕೂದಲೂ ನುಣುಪಾಗುತ್ತೆ. ಆದ್ರೆ ವಂಶದಿಂದ ಬಂದು ಬುಡ ಸಣ್ಣಗಾಗ್ತಿದ್ರೆ ಅದನ್ನ ತಡೆಯಲ್ಲ. ಲೇಸರ್ ಪೂರ್ತಿ ಸುಳ್ಳೂ ಅಲ್ಲ. 1960ರ ದಶಕದಲ್ಲಿ ಹಂಗೆರಿಯ ಎಂಡ್ರೆ ಮೆಸ್ಟರ್ ಅನ್ನೋ ವೈದ್ಯರು ಬೋಳಿಸಿದ ಇಲಿಗಳ ಮೇಲೆ ಲೇಸರ್ ಬಿಟ್ಟಾಗ ಅವಕ್ಕೆ ಕೂದಲು ಬೇಗ ಬಂತು. ಲೇಸರ್ ಬಾಚಣಿಗೆಗೆ ಅಮೆರಿಕದ ಔಷಧ, ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಗಂಡಸರಿಗೆ, 2011ರಲ್ಲಿ ಹೆಂಗಸರಿಗೆ ಅಂತ ಒಪ್ಪಿಗೆ ಕೊಟ್ಟಿತು. ಆದ್ರೆ ಹೊಸ ಮಾತ್ರೆಗೆ ಕೇಳುವಷ್ಟು ಪುರಾವೆ ಇಂಥ ಉಪಕರಣಕ್ಕೆ ಕೇಳಲ್ಲ. ಆ ಒಪ್ಪಿಗೆಯೂ ವಂಶದ ಕೂದಲುದುರಿಗೆ ಮಾತ್ರ.

ತೀರ್ಥಹಳ್ಳಿ ಮೇಷ್ಟ್ರು: ನಾನು ಲೇಸರ್ ಟೋಪಿ ತರಿಸಿ ಎಂಟು ತಿಂಗಳು ಹಾಕಿದೆ, ವಾರಕ್ಕೆ ಮೂರು ದಿನ. ಸುಳಿ ಹತ್ತಿರ ಎಳೆಎಳೆಯಾಗಿದ್ದ ಕೂದಲು ದಪ್ಪ ಆಯ್ತು. ಹಣೆ ಮೇಲೆ ನುಣ್ಣಗಾಗಿದ್ದ ಕಡೆ ಒಂದೂ ಹುಟ್ಟಲಿಲ್ಲ. ಜೊತೆಗೆ ಕೂದಲು ಬೆಳೆಯೋಕೆ ಕೊಡುವ ಮಿನಾಕ್ಸಿಡಿಲ್ ಔಷಧಿ ಹಚ್ಚುತ್ತಿದ್ದೆ, ಹಾಗಾಗಿ ಯಾವುದರ ಫಲ ಅಂತ ಎದೆ ಮುಟ್ಟಿ ಹೇಳಲಾರೆ. ಎರಡನ್ನೂ ಬಿಟ್ಟ ಮೇಲೆ ಮತ್ತೆ ತೆಳುವಾಯ್ತು.

ಸಾಗರದ ತೋಟದವ: ಮೇಷ್ಟ್ರೇ, ಬಿಟ್ಟ ಕೂಡಲೇ ಹೋಗೋದಾದ್ರೆ ಅಷ್ಟು ದುಡ್ಡು ಯಾಕೆ ಸುರಿಯೋದು?

ತೀರ್ಥಹಳ್ಳಿ ಮೇಷ್ಟ್ರು: ಬಿಪಿ ಮಾತ್ರೆಯೂ ಬಿಟ್ಟರೆ ಆಗಲ್ಲವಲ್ಲ. ಕನ್ನಡಿ ಮುಂದೆ ನಿಂತಾಗಿನ ಸಂಕಟ ನನಗೆ ಗೊತ್ತು. ಆ ಹುಡುಗಿಗೆ ಬೇಡವೇ ಬೇಡ ಅಂತ ನಾನು ಹೇಳಲ್ಲ.

ಶಿವಮೊಗ್ಗದ ನರ್ಸಕ್ಕ: ತಂಗಿ, ಉದುರೋಕೆ ಶುರುವಾಗೋ ಮುಂಚೆ ಜೋರು ಜ್ವರ ಏನಾದ್ರೂ ಬಂದಿತ್ತಾ?

ಹೊಸನಗರದ ಹುಡುಗಿ: ಹೌದಕ್ಕಾ, ಡೆಂಗಿ. ಅದಾಗಿ ಎರಡೂವರೆ ತಿಂಗಳಿಗೆ ಉದುರೋಕೆ ಶುರುವಾಯ್ತು.

ಶಿವಮೊಗ್ಗದ ನರ್ಸಕ್ಕ: ಹಾಗಾದ್ರೆ ಅಪ್ಪನ ದುಡ್ಡು ಸದ್ಯಕ್ಕೆ ಒಳಗಿರಲಿ. ಜೋರು ಜ್ವರ ಬಂದಾಗ ಎಷ್ಟೋ ಬುಡಗಳು ಒಟ್ಟಿಗೇ ಬೆಳೆಯೋದು ನಿಲ್ಲಿಸಿಬಿಡ್ತವೆ. ಎರಡು ಮೂರು ತಿಂಗಳಾದ ಮೇಲೆ ಆ ಕೂದಲೆಲ್ಲ ಒಟ್ಟಿಗೇ ಉದುರುತ್ತೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗೇ ನಿಂತು ಹೊಸದು ಬರುತ್ತೆ. ಅದೇ ಆರು ತಿಂಗಳು ಲೇಸರ್ ಕೊಟ್ಟರೆ, ತಾನಾಗಿ ಬಂದ ಕೂದಲಿಗೂ ಲೇಸರ್ ಹೆಸರೇ ಬರೋದು! ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕಬ್ಬಿಣದಂಶ ಎಷ್ಟು ಕೂಡಿದೆ ಅಂತ), ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ ಚರ್ಮದ ಡಾಕ್ಟರಿಗೆ ತೋರಿಸು. ವಂಶದ್ದಾದ್ರೆ ಹೆಂಗಸರಿಗೆ ಬೈತಲೆ ಅಗಲ ಆಗುತ್ತೆ, ನಿಂಗೆ ಹಾಗೆ ಆಗ್ತಿದ್ಯಾ?

ಸಾಗರದ ತೋಟದವ: ಜ್ವರ ಬಂದಿತ್ತಾ ಅಂತ ಆ ಕ್ಲಿನಿಕ್ಕಿನವರು ಕೇಳಲೇ ಇಲ್ವಾ?

ಹೊಸನಗರದ ಹುಡುಗಿ: ಇಲ್ಲಣ್ಣಾ. ನೆತ್ತಿ ಫೋಟೋ ತೆಗೆದ್ರು, ರೇಟ್ ಹೇಳಿದ್ರು ಅಷ್ಟೆ. ಅಕ್ಕಾ, ಬೈತಲೆ ಇದ್ದ ಹಾಗೇ ಇದೆ. ಈಗ ಅಮ್ಮನ ಹತ್ರ ಬೆಳಕಿಗೆ ಹಿಡಿದು ನೋಡಿಸಿದೆ, ಹಣೆ ಅಂಚಲ್ಲಿ ಬೆರಳಗಲದ ಪುಟ್ಟ ಕೂದಲು ನೆಟ್ಟಗೆ ನಿಂತಿವೆಯಂತೆ. ಸೋಮವಾರ ರಕ್ತ ಕೊಟ್ಟು ಬರ್ತೀನಿ.