ಟ್ರಂಕ್‌ಗೆ ವಿಲ್ಯಾನ್ 30 ಸೇರಿಸಿದ ಕೂಡಲೇ ಸ್ವಿಚ್ ಸಂಪರ್ಕ ಹೋಯಿತು

ಪ್ರಶ್ನೆ:
ಸಿಸ್ಕೊ ಐಒಎಸ್ ಇರುವ 24 ಪೋರ್ಟ್‌ಗಳ ಸ್ವಿಚ್, ಮೂರನೇ ಮಹಡಿಯಲ್ಲಿದೆ. ನಾನು ಕೆಳಗಿನಿಂದ ನೆಟ್‌ವರ್ಕ್ ಮೂಲಕವೇ, ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆಗಿದ್ದೆ. ಕೆಳಗಿನ ಸ್ವಿಚ್‌ಗೆ ಹೋಗುವ ಅದರ ಅಪ್‌ಲಿಂಕ್ ಪೋರ್ಟ್ ಟ್ರಂಕ್, ಅಂದರೆ ಒಂದೇ ಕೇಬಲ್‌ನಲ್ಲಿ ಹಲವು ವಿಲ್ಯಾನ್‌ಗಳು (ಒಂದೇ ಸ್ವಿಚ್‌ನೊಳಗೆ ಬೇರೆಬೇರೆ ಮಾಡಿದ ನೆಟ್‌ವರ್ಕ್‌ಗಳು) ಹೋಗುವ ಪೋರ್ಟ್. ಅದರಲ್ಲಿ ವಿಲ್ಯಾನ್ 10 ಮತ್ತು 20 ಹೋಗುತ್ತಿದ್ದವು. ಸ್ವಿಚ್‌ನ ಐಪಿ ಇರುವುದು ವಿಲ್ಯಾನ್ 10ರಲ್ಲಿ. ಹೊಸ ಕ್ಯಾಮೆರಾಗಳಿಗೆ ವಿಲ್ಯಾನ್ 30 ಬೇಕಿತ್ತು. ಮೊದಲು ವಿಲ್ಯಾನ್ ಮಾಡಿದೆ. ಆಮೇಲೆ ಅಪ್‌ಲಿಂಕ್ ಪೋರ್ಟ್‌ನಲ್ಲಿ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 30’ ಎಂದು ಕೊಟ್ಟೆ. ಎಂಟರ್ ಒತ್ತಿದ್ದೇ ತಡ, ಸ್ಕ್ರೀನ್ ಅಲ್ಲೇ ನಿಂತುಹೋಯಿತು. ಪಿಂಗ್‌ಗೂ ಉತ್ತರವಿಲ್ಲ. ಮೇಲಿನವರು ನೆಟ್ ಇಲ್ಲ ಅನ್ನುತ್ತಿದ್ದಾರೆ. ಆದರೆ ನನ್ನ ಕಡೆಯ ಪೋರ್ಟ್ ಲೈಟ್ ಹಸಿರಾಗಿಯೇ ಇದೆ. ಸ್ವಿಚ್ ಕೆಟ್ಟುಹೋಯಿತಾ?

ಉತ್ತರ 1:
ಕೆಟ್ಟಿಲ್ಲ, ಗಾಬರಿಯಾಗಬೇಡಿ. ಆ ಕಮಾಂಡ್ ಹಳೆಯ ಪಟ್ಟಿಗೆ 30ನ್ನು ಸೇರಿಸುವುದಿಲ್ಲ, ಹಳೆಯ ಪಟ್ಟಿಯನ್ನೇ ತೆಗೆದು ಬರೀ 30ನ್ನು ಇಡುತ್ತದೆ. 10 ಹೋಯಿತು, ಅದರ ಜೊತೆ ನಿಮ್ಮ ಎಸ್‌ಎಸ್‌ಎಚ್ ಕೂಡ ಹೋಯಿತು. 20 ಹೋಗಿದ್ದಕ್ಕೆ ಮೇಲಿನವರಿಗೆ ನೆಟ್ ಇಲ್ಲ. ಕೇಬಲ್ ಸರಿಯಾಗಿದೆ, ಅದಕ್ಕೇ ಲೈಟ್ ಉರಿಯುತ್ತಿದೆ. ನೀವು ಕೊಡಬೇಕಿದ್ದದ್ದು ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ ಆ್ಯಡ್ 30’. ಆ ‘ಆ್ಯಡ್’ ಒಂದು ಬಿಟ್ಟರೆ ಸಾಕು, ಹೀಗಾಗುತ್ತದೆ. ನನಗೂ ಒಮ್ಮೆ ಆಗಿದೆ, ಆ ಹೊತ್ತಿನ ಎದೆಬಡಿತ ಇನ್ನೂ ನೆನಪಿದೆ.

ಈಗ ಒಂದು ಹೇಳಿ: ಅದಾದ ಮೇಲೆ ಸೇವ್ ಮಾಡುವ ‘ರೈಟ್ ಮೆಮೊರಿ’ ಕಮಾಂಡ್ ಕೊಟ್ಟಿದ್ದಿರಾ?

ಪ್ರಶ್ನೆ ಕೇಳಿದವರು:
ಇಲ್ಲ ಸರ್, ಕೊಡುವ ಮೊದಲೇ ಸಂಪರ್ಕ ಹೋಯಿತು.

ಉತ್ತರ 1:
ಒಳ್ಳೆಯದಾಯಿತು. ನೀವು ಮಾಡಿದ ಬದಲಾವಣೆ ರನ್ನಿಂಗ್ ಕಾನ್ಫಿಗ್‌ನಲ್ಲಿ ಮಾತ್ರ ಇದೆ, ಅಂದರೆ ರ‍್ಯಾಮ್‌ನಲ್ಲಿ. ಸ್ವಿಚ್‌ನ ಪವರ್ ತೆಗೆದು ಹಾಕಿದರೆ ಸೇವ್ ಆಗಿರುವ ಸ್ಟಾರ್ಟಪ್ ಕಾನ್ಫಿಗ್ ಬರುತ್ತದೆ, 10 ಮತ್ತು 20 ವಾಪಸ್ ಬರುತ್ತವೆ. ಶುರುವಾಗಲು ಕೆಲವು ನಿಮಿಷ ಬೇಕು, ಮಧ್ಯೆ ಮತ್ತೆ ಪವರ್ ತೆಗೆಯಬೇಡಿ. ಹಿಂದೆ ಎಂದಾದರೂ ಸೇವ್ ಮಾಡದೆ ಬಿಟ್ಟ ಬದಲಾವಣೆ ಇದ್ದರೆ ಅದೂ ಹೋಗುತ್ತದೆ, ಗಮನವಿರಲಿ.

ಉತ್ತರ 2:
ಆ ಸ್ವಿಚ್‌ನಿಂದಲೇ ಪವರ್ ತಗೊಳ್ಳುವ ಫೋನು, ಕ್ಯಾಮೆರಾ ಇದ್ದರೆ ಅವೂ ಆಫ್ ಆಗುತ್ತವೆ. ಲ್ಯಾಪ್‌ಟಾಪ್ ಹಿಡಿದು ಮೇಲೆ ಹೋಗುವುದು ಸಾಧ್ಯವಿದ್ದರೆ ಸ್ವಿಚ್‌ನ ಕನ್ಸೋಲ್ ಪೋರ್ಟ್‌ಗೆ ನೇರವಾಗಿ ಕನ್ಸೋಲ್ ಕೇಬಲ್ ಹಾಕಿ. ಪುಟ್ಟಿ ಎಂಬ ಟರ್ಮಿನಲ್ ಪ್ರೋಗ್ರಾಂನಲ್ಲಿ ಸೀರಿಯಲ್ ಆರಿಸಿ ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1, ಫ್ಲೋ ಕಂಟ್ರೋಲ್ ಇಲ್ಲ ಎಂದು ಕೊಡಿ. ಎಂಟರ್ ಒತ್ತಿ. ಅರ್ಥವಾಗದ ಅಕ್ಷರಗಳು ಬಂದರೆ ವೇಗ ತಪ್ಪಿದೆ, 115200 ಹಾಕಿ ನೋಡಿ. ಮಾಮೂಲಿ ನೆಟ್‌ವರ್ಕ್ ಕೇಬಲ್ ಇದಕ್ಕೆ ಆಗುವುದಿಲ್ಲ. ಲಾಗಿನ್ ಆದ ಮೇಲೆ ಅದೇ ಪೋರ್ಟ್‌ನಲ್ಲಿ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ ಆ್ಯಡ್ 10,20’ ಕೊಟ್ಟರೆ ಮುಗಿಯಿತು. ಸುಮ್ನೆ ಮುಂದಿರುವ ಮೋಡ್ ಬಟನ್ ಮಾತ್ರ ಒತ್ತಿ ಹಿಡಿಯಬೇಡಿ, ಸೇವ್ ಆಗಿರುವ ಕಾನ್ಫಿಗ್ ಕೂಡ ಹೋಗಬಹುದು.

ಪ್ರಶ್ನೆ ಕೇಳಿದವರು:
ಕನ್ಸೋಲ್ ಕೇಬಲ್ ಇರಲಿಲ್ಲ, ಪವರ್ ತೆಗೆದು ಹಾಕಿಸಿದೆ. ಎಲ್ಲ ಬಂತು! ಈ ಸಲ ‘ಆ್ಯಡ್’ ಹಾಕಿದೆ, ಸಂಪರ್ಕ ಹೋಗಲಿಲ್ಲ. ಆದರೆ ಎರಡು ಸಂದೇಹ. ಒಂದು, ರೀಬೂಟ್ ಆದರೂ ವಿಲ್ಯಾನ್ 30 ಅಳಿಸಿಹೋಗಿಲ್ಲ, ಯಾಕೆ? ಇನ್ನೊಂದು, ಕ್ಯಾಮೆರಾಗಳು ಇನ್ನೂ ರೆಕಾರ್ಡರ್‌ಗೆ ಸಿಗುತ್ತಿಲ್ಲ.

ಉತ್ತರ 1:
ವಿಲ್ಯಾನ್ ಪಟ್ಟಿ ನೋಡಿಕೊಳ್ಳುವ ವಿಟಿಪಿ ಎಂಬ ವ್ಯವಸ್ಥೆ ಸರ್ವರ್ ಮೋಡ್‌ನಲ್ಲಿದ್ದರೆ ವಿಲ್ಯಾನ್‌ಗಳು ಫ್ಲ್ಯಾಶ್‌ನಲ್ಲಿ ಬೇರೆ ಫೈಲ್‌ಗೆ ಹೋಗುತ್ತವೆ. ನೀವು ‘ರೈಟ್ ಮೆಮೊರಿ’ ಕೊಡದಿದ್ದರೂ ಅವು ಉಳಿಯುತ್ತವೆ.

ಕ್ಯಾಮೆರಾ ವಿಷಯಕ್ಕೆ ಎರಡೂ ಸ್ವಿಚ್‌ಗಳಲ್ಲಿ ‘ಶೋ ಇಂಟರ್‌ಫೇಸಸ್ ಟ್ರಂಕ್’ ಕೊಟ್ಟು ನೋಡಿ. ಅಲೌಡ್ ಸಾಲಿನಲ್ಲಿ 30 ಇದ್ದು, ಅದರ ಕೆಳಗಿನ ಆ್ಯಕ್ಟಿವ್ ಸಾಲಿನಲ್ಲಿ ಇಲ್ಲದಿದ್ದರೆ ಆ ಸ್ವಿಚ್‌ನಲ್ಲಿ ವಿಲ್ಯಾನ್ 30ನ್ನೇ ಮಾಡಿಲ್ಲ ಎಂದರ್ಥ. ಹೆಚ್ಚಾಗಿ ಎಡವುವುದು ಇಲ್ಲೇ.

ಪ್ರಶ್ನೆ ಕೇಳಿದವರು:
ಅದೇ ಆಗಿತ್ತು. ಕೆಳಗಿನ ಸ್ವಿಚ್‌ನಲ್ಲಿ 30 ಇರಲೇ ಇಲ್ಲ. ಮಾಡಿದೆ, ಚಿತ್ರ ಬಂತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಉತ್ತರ 2:
ಇನ್ನು ಮುಂದೆ ದೂರದಿಂದ ಅಪ್‌ಲಿಂಕ್ ಮುಟ್ಟುವ ಮೊದಲು ಇರುವುದನ್ನು ಸೇವ್ ಮಾಡಿ, ‘ರೀಲೋಡ್ ಇನ್ 10’ ಕೊಡಿ. ಸಂಪರ್ಕ ಹೋದರೆ 10 ನಿಮಿಷಕ್ಕೆ ಸ್ವಿಚ್ ತಾನೇ ರೀಬೂಟ್ ಆಗಿ ಹಳೆಯ ಸ್ಥಿತಿಗೆ ಬರುತ್ತದೆ. ಕೆಲಸ ಸರಿಯಾಯಿತಾ? ಮೊದಲು ‘ರೀಲೋಡ್ ಕ್ಯಾನ್ಸಲ್’, ಆಮೇಲೆ ‘ರೈಟ್ ಮೆಮೊರಿ’. ಕ್ಯಾನ್ಸಲ್ ಮರೆತರೆ ಎಲ್ಲರೂ ಕೆಲಸ ಮಾಡುತ್ತಿರುವಾಗಲೇ ರೀಬೂಟ್ ಆಗುತ್ತದೆ. ಅಂದಹಾಗೆ, ಈಗ ಹಾಕಿದ 30ನ್ನು ಸೇವ್ ಮಾಡಿದ್ದೀರಿ ಅಲ್ವಾ?

ಪ್ರಶ್ನೆ ಕೇಳಿದವರು:
ಈಗ ಮಾಡಿದೆ, ಎರಡೂ ಸ್ವಿಚ್‌ಗಳಲ್ಲಿ.