ರಿಬಲ್‌ಹೆಡ್ ಸೇತುವೆ: ಅಷ್ಟು ಹಾಳಾಗಿದ್ದರೆ ಇನ್ನೂ ರೈಲು ಓಡ್ತಿರೋದು ಹೇಗೆ?

ಲೀಡ್ಸ್‌ವಾಸಿ:
ಹೋದ ವಾರ ಉತ್ತರ ಇಂಗ್ಲೆಂಡಿನ ಸೆಟಲ್‌ನಿಂದ ಕಾರ್ಲೈಲ್‌ಗೆ ರೈಲಲ್ಲಿ ಹೋಗಿದ್ವಿ. ವಾಪಸ್ ಬರುವಾಗ ರಿಬಲ್‌ಹೆಡ್‌ನಲ್ಲಿ ಇಳಿದು ಸೇತುವೆ ಕೆಳಗಡೆ ನಡ್ಕೊಂಡು ಹೋಗಿ ನೋಡಿದೆ. 24 ಕಮಾನು. ಅಲ್ಲಲ್ಲಿ ಒಂದೊಂದು ಕಂಬ ಮಾತ್ರ ದಪ್ಪ ಯಾಕೆ? ಕಮಾನಿನ ಒಳಗೆ ಬಿಳಿ ಬಿಳಿ ಗೀರು ಇಳಿದಿದೆ, ಅದೇನು? 1980ರ ದಶಕದಲ್ಲಿ ಇದರ ದುರಸ್ತಿ ಆಗಲ್ಲ ಅಂತ ಲೈನನ್ನೇ ಮುಚ್ಚೋಕೆ ಹೊರಟಿದ್ದರಂತೆ. ಈಗ ನೋಡಿದ್ರೆ ಗೂಡ್ಸ್ ಗಾಡಿಯೂ ಓಡುತ್ತೆ. ರೈಲ್ವೆಯವರು ಯಾರಾದ್ರೂ ಇದ್ದೀರಾ?

ಬ್ರಿಡ್ಜ್ ಸೆಕ್ಷನ್, ಹುಬ್ಬಳ್ಳಿ:
ಇದ್ದೇನ್ರೀ, ರಿಟೈರ್ ಆದಾವ. ಮಗಳ ಮನಿಗೆ ಬಂದಾಗ ಆ ಸೇತುವೆ ನೋಡೀನಿ. ಮಂದಿ ಗುಡ್ಡದ ಫೋಟೋ ತಗೀತಿದ್ರು, ನಾ ಕುತ್ತಿಗಿ ಎತ್ತಿ ಕಮಾನಿನ ಹೊಟ್ಟಿ ನೋಡಕೋತ ನಿಂತಿದ್ದೆ. ಮಗಳಿಗೆ ನಾಚಿಕಿ.

ಪ್ರತಿ ಆರನೇ ಕಂಬ ದಪ್ಪ. ಕಮಾನು ಅಂದ್ರ ಬಾಜೂಕಿನ ಕಮಾನನ್ನ ನೂಕಕೋತನ ನಿಂತಿರ್ತದ. ಒಂದು ಬಿದ್ರ ಆ ಕಡೆ ಆನಿಕಿ ತಪ್ಪಿ ಸಾಲಿಗೆ ಸಾಲೇ ಮಕ್ಕೋತದ. ದಪ್ಪ ಕಂಬ ಆ ನೂಕು ಒಂದ ತಡಕೊಳ್ತದ. ಹೋದ್ರ ಆರು ಕಮಾನು ಹೋಗಬೇಕು, ಉಳಿದದ್ದು ನಿಲ್ಲಬೇಕು, ಅದು ಲೆಕ್ಕ.

ಬಿಳಿ ಗೀರು ಸುಣ್ಣ. ಕಂಬ ಸುಣ್ಣಗಲ್ಲು, ಕಮಾನಿನ ಒಳಮೈ ಇಟ್ಟಂಗಿ (ಇದನ್ನ ಭಾಳ ಮಂದಿ ಗಮನಿಸೂದಿಲ್ಲ). ಮಳಿ ನೀರು ಖಡಿ ದಾಟಿ ಇಳೀತದ, ಅದಕ್ಕ ಹೊರಗ ಹೋಗೂ ದಾರಿ ಇರಬೇಕು. ಕಮಾನಿನ ಬೆನ್ನ ಮ್ಯಾಲಿನ ವಾಟರ್‌ಪ್ರೂಫ್ ಪದರ ಒಡದ್ರ ನೀರು ಗಾರೆಯೊಳಗ ಹೊಕ್ಕು ಸುಣ್ಣ ಕರಗಿಸಿಕೊಂಡು ಕೆಳಗ ಬರ್ತದ. ಚಳಿಗಾಲದಾಗ ಅದ ನೀರು ಹೆಪ್ಪುಗಟ್ಟಿ ಹಿಗ್ಗಿ ಕಲ್ಲು ಸೀಳ್ತದ. ಗಾಡಿ ಭಾರಕ್ಕ ಇಂಥಾ ಸೇತುವೆ ಹೆದರೂದಿಲ್ರೀ, ನೀರಿಗೆ ಹೆದರ್ತದ. ನಮ್ಮ ಘಾಟಿನಾಗೂ ಮಳಿಗಾಲಕ್ಕ ಮೊದಲು ವೀಪ್ ಹೋಲ್ (ನೀರು ಹೊರಗ ಹೋಗೂ ತೂತು) ಕೆದರಸೂದ ದೊಡ್ಡ ಕೆಲಸ.

ಇದನ್ನ 1870ರಾಗ ಶುರು ಮಾಡಿ 1874ರಾಗ ಮುಗಿಸಿದ್ರು. ನೂರು ವರ್ಷ ಅಲ್ಲಿಯ ಮಳಿ ಕುಡೀತು. ದುರಸ್ತಿಗೆ ಸುಮಾರು 60 ಲಕ್ಷ ಪೌಂಡ್ ಅಂತ ಬ್ರಿಟಿಷ್ ರೈಲ್ (ಆಗಿನ ಸರಕಾರಿ ರೈಲ್ವೆ) ಅಂದಾಜು ಕೊಡ್ತು. 1985ರಾಗ ಎರಡು ಲೈನ್ ಇದ್ದದ್ದು ಸೇತುವೆ ಮ್ಯಾಲೆ ಒಂದಾತು, ಇವತ್ತೂ ಒಂದ. ಆಮ್ಯಾಲೆ ಪ್ರಯೋಗಕ್ಕಂತ ಸ್ವಲ್ಪ ದುರಸ್ತಿ ಮಾಡಿ ನೋಡಿದ್ರ, ಖರ್ಚು ಹೇಳಿದ್ದಕ್ಕಿಂತ ಭಾಳ ಕಡಿಮಿ! ಆಫೀಸಿನಾಗ ಕುಂತು ಬರಿಯೂ ಎಸ್ಟಿಮೇಟ್ ಬ್ಯಾರೆ, ಹಂದರ ಕಟ್ಟಿ ಕಲ್ಲು ಬಡದು ನೋಡೂದು ಬ್ಯಾರೆ.

ಮಳೆಕೊಡೆ:
ಜನರ ಪಾಲನ್ನೂ ಹೇಳಿ ಸರ್. ಲೈನ್ ಮುಚ್ಚೋ ಕೆಲಸಕ್ಕೆ ಅಂತಲೇ ರಾನ್ ಕಾಟನ್ ಅನ್ನೋ ಮ್ಯಾನೇಜರ್‌ನ ಕಳಿಸಿದ್ರು. ಆ ಪುಣ್ಯಾತ್ಮ ಟಿಕೆಟ್ ರಿಯಾಯಿತಿ, ಪ್ರಚಾರ ಅಂತ ಮಾಡಿ ಪ್ರಯಾಣಿಕರನ್ನೇ ಹೆಚ್ಚಿಸಿಬಿಟ್ಟ. ಮುಚ್ಚಿದ್ದ ಸ್ಟೇಷನ್‌ಗಳೂ 1986ರಲ್ಲಿ ಮತ್ತೆ ತೆರೆದವು. ಆಕ್ಷೇಪಣೆ ಸಾವಿರಾರು ಬಂತು, ಅದರಲ್ಲಿ ರಸ್ವಾರ್ಪ್ ಅನ್ನೋ ನಾಯಿಯ ಪಂಜದ ಗುರುತೂ ಒಂದು. ಟಿಕೆಟ್ ತಗೊಂಡ ಪ್ರಯಾಣಿಕ ಅಂತ ಅದನ್ನೂ ಒಪ್ಪಿಕೊಂಡ್ರಂತೆ. 1989ರ ಏಪ್ರಿಲ್‌ನಲ್ಲಿ ಸರ್ಕಾರ ಮುಚ್ಚೋದನ್ನ ಕೈಬಿಟ್ಟಿತು. ಗಾರ್ಸ್‌ಡೇಲ್ ಸ್ಟೇಷನ್‌ನಲ್ಲಿ ಆ ನಾಯಿಯ ಕಂಚಿನ ಪ್ರತಿಮೆ ಇದೆ.

ಲೀಡ್ಸ್‌ವಾಸಿ:
ಇಬ್ಬರಿಗೂ ಥ್ಯಾಂಕ್ಸ್. ಆದ್ರೆ ಸರ್, ಗೀರು ಈಗಲೂ ಇದೆ ಅಂದ್ರೆ ಮತ್ತೆ ಸೋರ್ತಿದೆ ಅಂತಲಾ?

ಬ್ರಿಡ್ಜ್ ಸೆಕ್ಷನ್, ಹುಬ್ಬಳ್ಳಿ:
ಹಂಗೇನಿಲ್ಲವಾ. ನೀರು ನಿಂತ ಮ್ಯಾಲೂ ಹಳೇ ಕಲಿ ಉಳೀತದ. 2020-21ರಾಗ ನೆಟ್‌ವರ್ಕ್ ರೈಲ್ (ಈಗ ಅಲ್ಲಿ ಹಳಿ, ಸೇತುವೆ ನೋಡಿಕೊಳ್ಳೂ ಸಂಸ್ಥೆ) 21 ಲಕ್ಷ ಪೌಂಡ್ ಹಾಕಿ ಒಡದ ಕಲ್ಲು ಬದಲಿಸಿ, ಸಂದಿ ತುಂಬಿಸ್ಯಾರ. ಇಂಥಾ ಹಳೇ ಕೆಲಸದ ಸಂದಿಗೆ ಸುಣ್ಣದ ಗಾರೆನ ಆಗಬೇಕು. ಗಟ್ಟಿ ಸಿಮೆಂಟ್ ಮೆತ್ತಿದ್ರ ನೀರು ಒಳಗ ಸಿಕ್ಕೊಂಡು ಕಲ್ಲಿನ ಮುಖಾನ ಉದುರ್ತದ. ಈ ಮಾತಿಗೆ ನಾ ಕಂತ್ರಾಟದಾರರ ಜೋಡಿ ಎಷ್ಟ್ ಜಗಳಾಡೀನೋ.

ಮತ್ತ ಹೋದ್ರ, ಮಳಿ ನಿಂತ ಮರುದಿನ ಹೋಗು. ಗೀರು ಹಸಿ ಇದ್ದು ಹೊಳೀತಿದ್ರ ಫೋಟೋ ಹಾಕು, ಎಷ್ಟನೇ ಕಮಾನು ಅಂತ ಸೆಟಲ್ ಕಡಿಯಿಂದ ಎಣಿಸಿ ಬರಿ.